ಹನುಮಂತಯ್ಯನವರ ಹಿತ್ತಾಳೆ ತಪ್ಪಲೆ

ಕನಕಪುರ
9-12-2007

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಕೆಳಗಿನ ಅಗಣ್ಯರೇ, ಊಟದ ವಾಸನೆ ಹಿಡಿದು ಬಂದು ಭಾಷಣಕ್ಕೆ ಸಿಕ್ಕಿಬಿದ್ದ ಬಂಧುಗಳೇ, ಹಾಗೂ ಚನ್ನಪಟ್ಟಣದಲ್ಲಿ ಕೂತು ಎರಡು ಪತ್ರ ಬರೆದು ಉತ್ತರ ಕಾಣದೆ ಹಲ್ಲು ಕಡಿಯುತ್ತಿರುವ ನನ್ನ ಒಬ್ಬಳೇ ತಂಗಿಯೇ,

ಚಿ. ಸೌ. ಧನಲಕ್ಷ್ಮಿಗೆ ಅಣ್ಣ ಅಶೋಕನ ಆಶೀರ್ವಾದ. ಇತ್ತ ನಾನು, ನಿನ್ನ ಅತ್ತಿಗೆ, ಅಜ್ಜಿ ಎಲ್ಲರೂ ಕ್ಷೇಮ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಕಾರ್ಖಾನೆಯ ಸ್ಟೋರಿನಲ್ಲಿ ಲೆಕ್ಕ ತೆಗೆಯುವ ತಿಂಗಳು ಎಂದು ಬರೆಯಬಹುದಿತ್ತು. ಆದರೆ ಈ ವರ್ಷದ ಸುಳ್ಳಿನ ಕೋಟಾ ನವೆಂಬರ್ ಒಂದಕ್ಕೇ ಮುಗಿದುಹೋಯಿತು. ಭಾಷಣವೆಂದರೆ ನನಗೆ ಪ್ರಾಸ, ಪತ್ರವೆಂದರೆ ತ್ರಾಸ, ಅಷ್ಟೇ ಅಂದುಕೋ.

ಅಜ್ಜಿಯ ಫೋಟೊ ಕಂಪನಿಯ ಪುಸ್ತಕದಲ್ಲಿ ಬಂದಿದೆಯಂತೆ, ಕಳಿಸು ಎಂದು ನೀನು ಬರೆದಿದ್ದೆ. ಒಂದು ಸಾಲೂ ಬರೆಯದೆ ಕಳಿಸಿದೆ. ನಿನ್ನ ಎರಡನೇ ಪತ್ರದಲ್ಲಿ ಕ್ಷೇಮಸಮಾಚಾರವೂ ಇಲ್ಲ, ಒಂದೇ ಸಾಲು: “ಅಣ್ಣ, ಆ ತಪ್ಪಲೆ ಯಾರ್ದು, ಅಜ್ಜಿ ಯಾಕೆ ಸೆರಗೊಡ್ಡೈತೆ?” ಮೇಷ್ಟರ ಹೆಂಡತಿಯಾದರೂ ಪ್ರಶ್ನೆಪತ್ರಿಕೆ ತೆಗೆಯುವವಳು ನೀನೇ ಇರಬೇಕು.

ಹೊಸ ಜಿಲ್ಲೆ ಆದಮೇಲಿನ ಮೊದಲ ರಾಜ್ಯೋತ್ಸವ ಎಂದು ಈ ಸಲ ಹಾರೋಹಳ್ಳಿಯ ನಮ್ಮ ಕಾರ್ಖಾನೆಯಲ್ಲಿ ಜೋರು ಮಾಡಿದರು. “ನಮ್ಮಜ್ಜಿಯ ಅಡುಗೆಮನೆ” ಎಂದು ಭಾಷಣ ಸ್ಪರ್ಧೆ. ಅಜ್ಜಿಯ ಕಾಲದ ಪಾತ್ರೆಯೊಂದನ್ನು ತಂದು ಮೇಜಿನ ಮೇಲಿಡಬೇಕು, ಸಾಧ್ಯವಾದರೆ ಅಜ್ಜಿಯನ್ನೂ ತರಬೇಕು. ಮ್ಯಾನೇಜರು ನನ್ನ ಹೆಗಲು ತಟ್ಟಿ, ಕನ್ನಡದಲ್ಲಿ ಬಿ.ಎ. ಮಾಡಿದವರು ನೀವೊಬ್ಬರೇ, ಮಾನ ಉಳಿಸಿ ಎಂದರು. ಯಾರ ಮಾನ ಎಂದು ಹೇಳಲಿಲ್ಲ.

ಪಾತ್ರೆ ಎಲ್ಲಿಂದ ತರಲಿ ಹೇಳು. ನಮ್ಮ ಅಡುಗೆಮನೆಯಲ್ಲಿ ಇದ್ದದ್ದೇನು? ಕಂಠ ಒಡೆದ ಹಿಟ್ಟಿನ ಮಡಕೆ, ತಳ ಸವೆದ ಮುದ್ದೆ ಕೋಲು, ಒಲೆಯ ಮೇಲೆ ಹಗ್ಗಕ್ಕೆ ನೇತುಬಿದ್ದ ಬಾಡಿನ ಉಪ್ಪುಕಂಡ. ಖಾರ ಅರೆಯುವುದಕ್ಕೆ ಗುಡಿಸಲ ಹಿಂದಿನ ಹಾಸುಬಂಡೆಯ ಗುಳಿ. ಕೆಂಡದಲ್ಲಿ ಸುಟ್ಟ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕಲ್ಲುಪ್ಪು ಹಾಕಿ ಅಜ್ಜಿ ಮಂಡಿಯೂರಿ ಅರೆಯುತ್ತಿದ್ದರೆ, ನೀನು ಕಣ್ಣಲ್ಲಿ ನೀರು ಸುರಿಸಿಕೊಂಡೇ ಎದುರಿಗೆ ಕೂತಿರುತ್ತಿದ್ದೆ, ಎದ್ದುಹೋಗುತ್ತಿರಲಿಲ್ಲ. ಹುರುಳಿ ಬೇಯಿಸಿದ ಕಟ್ಟಿನ ಉಪ್ಸಾರಿಗೆ ಆ ಖಾರ ಕದಡಿಕೊಂಡು ಮುದ್ದೆ ಮುರಿದರೆ ಮೂರು ಮೈಲಿ ನಡೆದು ಸ್ಕೂಲಿಗೆ ಹೋಗುವುದು ಲೆಕ್ಕಕ್ಕೇ ಇರುತ್ತಿರಲಿಲ್ಲ. ಆ ಬಂಡೆಯನ್ನು ಏಳು ವರ್ಷದ ಹಿಂದೆ ಸಿಡಿಸಿ ಜಲ್ಲಿ ಮಾಡಿ ಇಂಡಸ್ಟ್ರಿಯಲ್ ಏರಿಯಾದ ರಸ್ತೆಗೆ ಹಾಕಿದರು. ಈಗ ನಮ್ಮ ಅಡುಗೆಮನೆಯ ಮೇಲೆ ದಿನಾ ಲಾರಿ ಓಡುತ್ತವೆ. ಅದನ್ನು ಮೇಜಿನ ಮೇಲಿಡಲು ಬರುವುದಿಲ್ಲವಲ್ಲ.

ಅಜ್ಜಿಗೆ ಹೇಳದೆ, ಅವಳು ಕೂಲಿಗೆ ಹೋಗುತ್ತಿದ್ದ ಮನೆಯ ಹನುಮಂತಯ್ಯನವರ ಮಗ ಮನೋಹರನ ಹತ್ತಿರ ಹೋದೆ. ಅವರ ಜಮೀನೂ ಶೆಡ್ಡುಗಳ ಕೆಳಗೆ ಹೋಗಿದೆ, ಮನೆ ಮಾತ್ರ ಹಾಗೇ ಇದೆ. ಅಟ್ಟದಿಂದ ಕಲಾಯಿ ಹಾಕಿದ ದೊಡ್ಡ ಹಿತ್ತಾಳೆ ತಪ್ಪಲೆ ಇಳಿಸಿಕೊಟ್ಟ. “ನಮ್ಮವ್ವ ಇದ್ದಿದ್ರೆ ಇದ್ನ ಮುಟ್ಟಕ್ಕೆ ಬುಡ್ತಿರ್ನಿಲ್ಲ ಕಣ್ಲಾ. ಈಗ ಕಾಲ ಬದ್ಲಾಗೈತೆ, ತಗೊಂಡೋಗು. ವಾಪಸ್ ತರೋವಾಗ ಒಸಿ ಹುಣಸೆಹಣ್ಣಾಕಿ ಉಜ್ಕೊಂಡ್ ಬಾ” ಅಂದ. ಇಬ್ಬರೂ ನಕ್ಕೆವು. ಅವನು ಮೊದಲು ನಕ್ಕ.

ಭಾಷಣ ಅಮೋಘವಾಗಿತ್ತು ಧನು. “ಹಿತ್ತಾಳೆಯ ಹೊಳಪು, ಹಿತ್ತಿಲಿನ ನೆನಪು” ಎಂದು ಶುರು ಮಾಡಿದೆ. ತುಪ್ಪ, ಒಬ್ಬಟ್ಟು, ಹಬ್ಬದ ಹೋಳಿಗೆ ಸಾರು, ಹಿತ್ಕಿದವರೆ, ಹಾಲುಬಾಯಿ, ಸಾಲಾಗಿ ಕೂತು ಉಂಡ ಬಾಳೆಲೆ, ಬಡಿಸುತ್ತಾ ಓಡಾಡುವ ನಮ್ಮಜ್ಜಿ ದೊಡ್ಡಲಕ್ಷ್ಮಮ್ಮ. ಒಂದೊಂದೂ ಕಣ್ಣಾರೆ ಕಂಡದ್ದೇ, ಹಿತ್ತಿಲ ಬಾಗಿಲಿನಿಂದ. ಹನುಮಂತಯ್ಯನವರ ಮನೆಯ ರಾಗಿ ಕುಟ್ಟಲು ಹೋದ ಅಜ್ಜಿಯ ಜೊತೆ ನಾನೂ ಹೋಗಿ ಅಲ್ಲಿ ನಿಂತಿರುತ್ತಿದ್ದೆನಲ್ಲ. ಒಳಗಿನದನ್ನು ಹೊರಗಿನಿಂದ ಅಷ್ಟು ಚೆನ್ನಾಗಿ ನೋಡಿದವರು ಆ ಮನೆಯಲ್ಲೂ ಯಾರೂ ಇರಲಿಲ್ಲ. ಜನ ಚಪ್ಪಾಳೆ ತಟ್ಟಿದರು, ಮ್ಯಾನೇಜರು ಕಣ್ಣೊರೆಸಿಕೊಂಡರು. ಮೊದಲ ಬಹುಮಾನವಾಗಿ ಊಟ ಬಿಸಿಯಾಗಿಡುವ ಹಾಟ್‌ಬಾಕ್ಸು ಬಂತು. ಪ್ಯಾಕಿಂಗಿನ ಜಹೀದಾ ತನ್ನ ನಾನಿಯದೆಂದು ಮಸಿ ಹಿಡಿದ, ತಗ್ಗುಬಿದ್ದ ಅಲ್ಯುಮಿನಿಯಂ ಪಾತ್ರೆ ತಂದು, ಇದರಲ್ಲಿ ವಾರಕ್ಕೆ ನಾಲ್ಕು ದಿನ ಬರೀ ಗಂಜಿ ಬೇಯುತ್ತಿತ್ತು ಎಂದು ಎರಡು ನಿಮಿಷದಲ್ಲಿ ಮುಗಿಸಿ ಇಳಿದಳು. ಅವಳಿಗೆ ಏನೂ ಬರಲಿಲ್ಲ. ಆಮೇಲೆ ನಮ್ಮಜ್ಜಿಯ ಅಂಗೈಯನ್ನು ತಿರುಗಿಸಿ ನೋಡಿ, “ಅಣ್ಣ, ಅಷ್ಟು ತುಪ್ಪ ಮುಟ್ಟಿರೋ ಕೈಯಾ ಇದು?” ಅಂದಳು. ನಾನು ಚಹಾ ತರುತ್ತೇನೆಂದು ಎದ್ದುಹೋದೆ.

ಅದಕ್ಕೂ ಮೊದಲೇ ಆ ಫೋಟೊ. ಊಟ ಇದೆ ಎಂದು ಅಜ್ಜಿ ನನ್ನ ಜೊತೆ ಬಂದಿದ್ದಳು, ನೀನು ಹೋದ ವರ್ಷದ ದೀಪಾವಳಿಗೆ ಕೊಟ್ಟ ನೀಲಿ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಭಾಷಣ ಮುಗಿದ ಮೇಲೆ ಅವಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಮ್ಯಾನೇಜರು ತಪ್ಪಲೆಯನ್ನು ಎರಡೂ ಕೈಯಲ್ಲಿ ಎತ್ತಿ, ಹಿಡ್ಕೊಳ್ಳಿ ಅಜ್ಜಿ, ಫೋಟೊಗೆ ಎಂದು ಮುಂದೆ ಚಾಚಿದರು. ಅಜ್ಜಿ ತಪ್ಪಲೆಯ ಕಂಠ ನೋಡಿದಳು. ಗುರುತು ಹತ್ತಿತು. ಒಂದು ಹೆಜ್ಜೆ ಹಿಂದೆ ಸರಿದಳು, ತಲೆ ಬಗ್ಗಿಸಿದಳು, ಎರಡೂ ಕೈಯಲ್ಲಿ ಸೆರಗು ಹಿಡಿದು ಒಡ್ಡಿದಳು. ಹನುಮಂತಯ್ಯನವರ ಹಿತ್ತಿಲಲ್ಲಿ, ಮೇಲಿನಿಂದ ಹಾಕುವ ಒಬ್ಬಟ್ಟಿಗೆ, ಪಾತ್ರೆ ತಗುಲದ ಹಾಗೆ ಒಡ್ಡುತ್ತಿದ್ದಳಲ್ಲ, ಹಾಗೇ.

ಮೈಕಿನವನು, “ನೋಡಿ ಬಂಧುಗಳೇ, ಆ ತಾಯಿ ಅನ್ನಪೂರ್ಣೆಯನ್ನೇ ಮಡಿಲಿಗೆ ತುಂಬಿಸಿಕೊಳ್ಳುತ್ತಿದ್ದಾರೆ, ಇದೇ ನಮ್ಮ ಸಂಸ್ಕೃತಿ” ಎಂದ. ಇಡೀ ಶೆಡ್ಡು ಎದ್ದು ನಿಂತು ಚಪ್ಪಾಳೆ ತಟ್ಟಿತು. ಮ್ಯಾನೇಜರು ತಪ್ಪಲೆಯನ್ನು ಅವಳ ಸೆರಗಿನಲ್ಲಿಟ್ಟರು. ನಾನು ಪಕ್ಕದಲ್ಲೇ ಇದ್ದೆ. ಫೋಟೊದಲ್ಲಿ ನನ್ನ ಹಲ್ಲು ಕಾಣುತ್ತದೆ, ನೋಡಿರುತ್ತೀಯ.

ಇದು ನಿನ್ನ ಎರಡು ಪ್ರಶ್ನೆಗೂ ಉತ್ತರ. ತಪ್ಪಲೆ ವಾಪಸ್ ಕೊಟ್ಟೆ, ಉಜ್ಜಿಯೇ ಕೊಟ್ಟೆ. ಮನೆಗೆ ಬರುವಾಗ ದಾರಿಯುದ್ದಕ್ಕೂ ಅಜ್ಜಿ ಏನೂ ಮಾತಾಡಲಿಲ್ಲ. ಈಗಲೂ ಮೊದಲಿನ ಹಾಗೇ ಇದ್ದಾಳೆ, ಎರಡು ಹೊತ್ತು ಉಣ್ಣುತ್ತಾಳೆ. ಮಂಡಿನೋವಿಗೆ ಎಣ್ಣೆ ತಂದುಕೊಟ್ಟಿದ್ದೇನೆ. ಮುನಿಯಪ್ಪ ಮೇಷ್ಟರಿಗೆ ನನ್ನ ನಮಸ್ಕಾರ. ಮಕ್ಕಳು ಚೆನ್ನಾಗಿ ಓದಲಿ, ಹೊಟ್ಟೆ ತುಂಬ ಉಣ್ಣಲಿ, ಮಾವನ ಹಾಗೆ ಬಹುಮಾನ ಗೆಲ್ಲುವುದು ಬೇಡ. ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ.

ಇತಿ ನಿನ್ನ ಅಣ್ಣ,
ಅಶೋಕ

ಮ.ವಿ.: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಡಿಸಿದೆ. ಅಜ್ಜಿ ಊಟಕ್ಕೆಂದು ಬಂದಳು ಎಂದದ್ದು ಸುಳ್ಳು. ಏನೂ ಮಾತಾಡಲಿಲ್ಲ ಎಂದದ್ದೂ ಸುಳ್ಳು.

ನಾನು ಮೊದಲು ಬರೆದದ್ದು ಬೇರೆ ಭಾಷಣ. ಬಂಡೆಯ ಗುಳಿ, ಸುಟ್ಟ ಮೆಣಸಿನಕಾಯಿ, ಉಪ್ಪುಕಂಡ, ಎಲ್ಲ ಇತ್ತು. ಒಂದು ಪ್ರಾಸವೂ ಇರಲಿಲ್ಲ. ಬಾಯಿಪಾಠ ಮಾಡಲು ಜಗಲಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದೆ, ಅಜ್ಜಿ ಕಂಬಕ್ಕೊರಗಿ ಮೂರು ಸಂಜೆ ಕೇಳಿದಳು. ಹುರುಳಿಯನ್ನು ಹುರಿದೇ ಬೇಯಿಸುತ್ತಿದ್ದದ್ದು, ಅದನ್ನು ಬುಟ್ಬುಟ್ಟಿದ್ದೀಯ ಎಂದು ತಿದ್ದಿದಳು. ಅಷ್ಟು ಜನರ ಮುಂದೆ ಓದುತ್ತೀಯಾ, ನಾನೂ ಬತ್ತೀನಿ ಎಂದು ತಾನೇ ಹೊರಟಳು.

ಬಸ್ಸಿಳಿದು ನಡೆಯುವಾಗ ಕೇಳಿದಳು: “ಮಗ, ಮನೇಲಿ ಓದ್ತಿದ್ದಲ್ಲ, ಅದ್ನ ಯಾಕೆ ಓದ್ನಿಲ್ಲ?”

ಮರೆತುಹೋಯ್ತು ಕಣಜ್ಜಿ ಅಂದೆ.

ಮರೆತಿರಲಿಲ್ಲ ಧನು. ನನಗೆ ನಾಚಿಕೆಯಾಗಿತ್ತು.