ಅರಿಶಿನ ಹಚ್ಚಿದ ವಾಕ್ಯಗಳು

ಪ್ರೀತಿಯ ಮೇಷ್ಟ್ರೇ,

ಕಳೆದ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಬೇಲೂರಿನ ಒಂದು ಕಲ್ಯಾಣ ಮಂಟಪದಲ್ಲಿ, ನಿಮ್ಮ ನೋಟ್‌ಬುಕ್ಕನ್ನು ಚನ್ನೇಶ ತನ್ನ ಹೆಸರಿನ ಪುಸ್ತಕವಾಗಿ ಬಿಡುಗಡೆ ಮಾಡಿಸಿಕೊಂಡ. ನಿಮ್ಮ ಶಿಷ್ಯ ಚನ್ನೇಶ. ಹಳೇಬೀಡಿನ ಹೈಸ್ಕೂಲಿನಲ್ಲಿ ನನ್ನ ಪಕ್ಕದ ಸಾಲಿನಲ್ಲಿ ಕೂರುತ್ತಿದ್ದವನು, ಈಗ ಅರಸೀಕೆರೆಯಲ್ಲಿ ಇಂಗ್ಲಿಷ್ ಟ್ಯೂಷನ್ ನಡೆಸುವವನು. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ನನಗೊಂದು ಶಾಲು ಹೊದಿಸಿದರು. ಏನೂ ತಿಳಿಯದೆ ಚಪ್ಪಾಳೆಯನ್ನೂ ತಟ್ಟಿದೆ. ಪುಸ್ತಕ ತೆರೆದು ನೋಡಿದ್ದು ವಾಪಸು ಬರುವ ಬಸ್ಸಿನಲ್ಲಿ. ಹಳೇಬೀಡು ದಾಟಿ ಜಾವಗಲ್ ಬರುವಷ್ಟರಲ್ಲಿ ಇಪ್ಪತ್ತು ಪುಟ ಓದಿದ್ದೆ. ಬಾಣಾವರದಲ್ಲಿ ಪಕ್ಕದ ಸೀಟಿನ ಹೆಂಗಸು, "ಯಾಕವ್ವಾ, ಮೈಗೆ ಹುಷಾರಿಲ್ವಾ?" ಎಂದು ಕೇಳಿದಳು. ಹೊದಿಸಿದ ಶಾಲು ಇನ್ನೂ ನನ್ನ ಹೆಗಲ ಮೇಲೇ ಇತ್ತು.

ಎಂಟನೇ ತರಗತಿಯ ಆ ಶನಿವಾರ ನಿಮಗೆ ನೆನಪಿದೆಯೇ? ಇಂಗ್ಲಿಷಿನಲ್ಲಿ ಎರಡು ವಾಕ್ಯಗಳನ್ನು ಕೂಡಿಸುವುದು ಹೇಗೆ, ಕಾಮಾ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂದು ನೀವು ಕರಿಹಲಗೆ ತುಂಬ ಬರೆದಿರಿ. ನಮಗೆ ಒಂದಕ್ಷರ ಹತ್ತಲಿಲ್ಲ. ಸೀಮೆಸುಣ್ಣ ಮೇಜಿನ ಮೇಲೆ ಎಸೆದು, "ನಡೀರಿ ಗುಡಿಗೆ" ಎಂದಿರಿ. ಒಂದೇ ಜಗಲಿಯ ಮೇಲೆ ಎರಡು ಗರ್ಭಗುಡಿ, ನಡುವೆ ಎರಡನ್ನೂ ಸೇರಿಸುವ ಹಜಾರ. ಇಲ್ಲೊಬ್ಬ ದೇವರು, ಅವನ ಎದುರಿಗೊಬ್ಬ ಬಸವ. ಅಲ್ಲೊಬ್ಬ ದೇವರು, ಅವನಿಗೂ ಒಬ್ಬ ಬಸವ.

"ದೇವ್ರು ಅಂದ್ರೆ ಕರ್ತೃ. ಬಸವ ಅಂದ್ರೆ ಕ್ರಿಯಾಪದ. ಎರಡೂ ಇದ್ರೆ ಅದು ಪೂರ್ತಿ ಗುಡಿ, ಪೂರ್ತಿ ವಾಕ್ಯ. ಎರಡು ಪೂರ್ತಿ ಗುಡಿ ಸೇರ್ಸೋ ಹಜಾರಾನೇ ಅಂಡು, ಬಟ್ಟು, ಆರ್, ಸೋ. ಹಜಾರಕ್ಕೆ ಕಾಲಿಡೋಕೆ ಮುಂಚೆ ಹೊಸಿಲು ಸಿಗ್ತದಲ್ಲ, ಅದೇ ಕಾಮಾ" ಎಂದಿರಿ.

ಆಮೇಲೆ ಚನ್ನೇಶನನ್ನೇ ಎಬ್ಬಿಸಿದಿರಿ. 'ಹುಡುಗಿ ಪೆನ್ನು ಬೀಳಿಸಿದಳು ಮತ್ತು ಅತ್ತಳು' ಎನ್ನುವ ವಾಕ್ಯವನ್ನು ಇಂಗ್ಲಿಷಿಗೆ ತಂದು, ಅವನು 'ಅಂಡ್' ಹಿಂದೆ ಒಂದು ಕಾಮಾ ಕೂರಿಸಿದ್ದ.

"ಎರಡನೇ ಗುಡೀಲಿ ದೇವ್ರು ಅವ್ನೇನೋ?"

"ಇಲ್ಲ ಸಾ. ಬಸವ ಒಬ್ನೇ ಅವ್ನೆ."

"ದೇವ್ರಿಲ್ದಿದ್ ಗುಡಿಗೆ ಹೊಸಿಲು ಯಾಕ್ಲಾ ಮಡಗ್ದೆ?"

ಗುಡಿಯ ಕಾವಲುಗಾರ ಕೂಡ ನಕ್ಕ. ಮೇಷ್ಟ್ರೇ, ಈ ಪಾಠ ಚನ್ನೇಶನ ಪುಸ್ತಕದ ಒಂಬತ್ತನೇ ಪುಟದಲ್ಲಿದೆ. 'ನಾನು ಕಂಡುಕೊಂಡ ಗುಡಿ ವಿಧಾನ' ಎಂಬುದು ಅದರ ತಲೆಬರಹ. ಕಂಡುಕೊಂಡನಂತೆ! ಅಂದು ನಮ್ಮೆಲ್ಲರ ಎದುರು ಕಿವಿ ಕೆಂಪಗೆ ಮಾಡಿಕೊಂಡು ನಿಂತವನು...

ಪ್ರತಿದಿನ ಹಾಜರಿ ಕೂಗಿದ ಕೂಡಲೇ ನೀವು ಕೇಳುತ್ತಿದ್ದ ಪ್ರಶ್ನೆ, "ನಿನ್ನೆ ಯಾರಿಗೆ ಏನಾಯ್ತು?" ಯಾರಾದರೂ ಎದ್ದು ನಡೆದ ಎರಡು ಸಂಗತಿ ಹೇಳಬೇಕು. ಅವೆರಡನ್ನು ಯಾವ ಪದದಿಂದ ಕೂಡಿಸಬೇಕೆಂದು ತರಗತಿ ತೀರ್ಮಾನ ಮಾಡಬೇಕು. ಗೆಂಡೆಹಳ್ಳಿಯ ಸಿದ್ದಮ್ಮನಿಗೆ ಬಸ್ಸು ತಪ್ಪಿತು, ನಡೆದುಕೊಂಡೇ ಬಂದಳು: ಅದಕ್ಕೆ 'ಸೋ'. ನಮ್ಮ ಹುಲಿಕೆರೆ ಕೊಳದ ಮೆಟ್ಟಿಲಲ್ಲಿ ಕೂತು ಬರೆಯುವಾಗ ನನ್ನ ಪೆನ್ನು ಜಾರಿ ನೀರಿಗೆ ಬಿತ್ತು, ನಾನು ಅಳಲಿಲ್ಲ: ಅದಕ್ಕೆ 'ಬಟ್'. 'ಜಯಾ ಡ್ರಾಪ್ಡ್ ಹರ್ ಪೆನ್, ಬಟ್ ಷಿ ಡಿಡ್ ನಾಟ್ ಕ್ರೈ.' ಒಪ್ಪಿಗೆಯಾದ ವಾಕ್ಯವನ್ನು ಆ ಹುಡುಗರ ಹೆಸರಿನ ಸಮೇತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಿರಿ. ನಿಜ ಹೇಳಲೇ? ಅಂದು ಮನೆಯಲ್ಲಿ ಬಹಳ ಅತ್ತಿದ್ದೆ. ನೀವು ಬರೆದುಬಿಟ್ಟಿರಿ ಎಂದು ಆಮೇಲೆ ಅಳುವುದನ್ನು ನಿಲ್ಲಿಸಿದೆ.

ನಾವು ತಪ್ಪು ಹೇಳಿದ ದಿನ ನೀವು ಆ ತಪ್ಪನ್ನೂ ಬರೆದುಕೊಳ್ಳುತ್ತಿದ್ದಿರಿ. ಆದರೆ ಕೆಂಪು ಶಾಯಿ ಮುಟ್ಟುತ್ತಿರಲಿಲ್ಲ. ಅರಿಶಿನದ ಕೊಂಬನ್ನು ನೀರಿನಲ್ಲಿ ಅದ್ದಿ ಆ ವಾಕ್ಯದ ಮೇಲೆ ತೆಳುವಾಗಿ ಎಳೆಯುತ್ತಿದ್ದಿರಿ. "ಕೆಂಪು ಬಳಿದ್ರೆ ಮಗು ಹೆದರ್ತದೆ. ಗಾಯ ಆದಾಗ ಅರಿಶಿನ ತಾನೆ ಹಚ್ಚೋದು?" ಎಂದಿದ್ದಿರಿ. ಮಳೆ ಬಂದರೂ ಹೋದೆವು ಎನ್ನುವುದಕ್ಕೆ ನಾವು 'ದೋ' ಎಂದು ಶುರುಮಾಡಿ, ಸಾಲದೆಂದು ನಡುವೆ 'ಬಟ್' ಕೂಡ ತುರುಕುತ್ತಿದ್ದೆವು. ಕನ್ನಡದ ನಾಲಿಗೆಗೆ ಅದು ಸಲೀಸು. ಅದಕ್ಕೆ ಅರಿಶಿನ. ಕೂಡಿಸುವ ಪದವೇ ಇಲ್ಲದೆ ಎರಡು ಪೂರ್ತಿ ವಾಕ್ಯಗಳ ನಡುವೆ ಬರೀ ಕಾಮಾ ಇಟ್ಟರೆ ಅದಕ್ಕೂ ಅರಿಶಿನ. "ಹಜಾರ ಇಲ್ಲ, ಬರೀ ಹೊಸಿಲು ಮಡಗಿದ್ದೀರ" ಎನ್ನುತ್ತಿದ್ದಿರಿ. ಅಂಥ ಹದಿನಾಲ್ಕು ವಾಕ್ಯಗಳಿವೆ ನೋಟ್‌ಬುಕ್ಕಿನಲ್ಲಿ. ಮುಂದಿನ ವರ್ಷದ ಮಕ್ಕಳಿಗೆ ಅವನ್ನು ಹುಡುಕಿ ಸರಿಪಡಿಸುವ ಕೆಲಸ.

ಚನ್ನೇಶನ ಹೆಸರಿನದೂ ಒಂದು ವಾಕ್ಯ ಇದೆಯಲ್ಲ? ಪರೀಕ್ಷೆಯಲ್ಲಿ ನನ್ನ ಹಾಳೆ ನೋಡಿ ಬರೆಯುತ್ತಾ ಬರೆಯುತ್ತಾ, 'ಮೈ ನೇಮ್ ಈಸ್ ಜಯಾ' ಎಂದೂ ಬರೆದಿದ್ದ. ಮಾರನೆಯ ದಿನ ನೀವು ಹಾಳೆ ಕೈಯಲ್ಲಿ ಹಿಡಿದು, "ಜಯಮ್ಮ ಎದ್ದು ನಿಂತ್ಕೊಳ್ಳಮ್ಮ" ಎಂದಿರಿ. ನಾನು ಎದ್ದೆ. "ನೀನಲ್ಲ ಕಣಮ್ಮ. ಆ ಕಡೆ ಮೀಸೆ ಬರ್ತಿರೋ ಜಯಮ್ಮ." ತರಗತಿ ಬಿದ್ದು ಬಿದ್ದು ನಕ್ಕಿತು. ಅವನಿಗೆ ಏಟು ಬೀಳುತ್ತದೆಂದು ಎಲ್ಲರೂ ಕಾದೆವು. ನೀವು ಹೊಡೆಯಲಿಲ್ಲ. 'ಚನ್ನೇಶ್ ಕಾಪೀಡ್ ಫ್ರಮ್ ಜಯಾ, ಬಟ್ ದ ಮಾಸ್ಟರ್ ಡಿಡ್ ನಾಟ್ ಬೀಟ್ ಹಿಮ್' ಎಂದು ಬರೆದುಕೊಂಡು, ಕಾಮಾ ಯಾಕೆ ಬಂತು ಎಂದು ಅವನಿಂದಲೇ ಹೇಳಿಸಿ ಕೂರಿಸಿದಿರಿ.

ನಿಮ್ಮ ತಿಥಿಯ ದಿನ ಊಟವಾದ ಮೇಲೆ ನಿಮ್ಮ ಮನೆಯ ಅಮ್ಮಾವ್ರು ನನ್ನನ್ನು ಒಳಗೆ ಕರೆದು ನೋಟ್‌ಬುಕ್ಕನ್ನು ಕೈಗಿಟ್ಟರು. "ಇಂಗ್ಲಿಷ್ನಲ್ಲಿ ಬರೆದು ಸಂಬಳ ತಗೊಂಡೋಳು ನೀನೊಬ್ಳೇ ಕಣೇ. ನಿನ್ನ ಹತ್ರಾನೇ ಇರ್ಲಿ" ಎಂದರು. ಅವರು ಹೇಳಿದ್ದು ಸರಿ. ಅರಸೀಕೆರೆ ಜಂಕ್ಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಕೂತು, ಕೊಬ್ಬರಿ ಮೂಟೆ ತಡವಾಗಿದ್ದಕ್ಕೆ, ಒದ್ದೆಯಾಗಿದ್ದಕ್ಕೆ, ಕಾಣೆಯಾಗಿದ್ದಕ್ಕೆ ನಿವೃತ್ತಿಯಾಗುವವರೆಗೂ ಇಂಗ್ಲಿಷಿನಲ್ಲಿ ಸಮಜಾಯಿಷಿ ಬರೆದವಳು ನಾನು. ಯಾವ ಕಾನ್ವೆಂಟಿನಲ್ಲಿ ಓದಿದ್ದು ಎಂದು ಒಬ್ಬ ಮೇಲಧಿಕಾರಿ ಕೇಳಿದಾಗ, "ಹಳೇಬೀಡಿನ ಗುಡೀಲಿ ಸಾರ್" ಎಂದಿದ್ದೆ. ಅಂಥ ನೋಟ್‌ಬುಕ್ಕನ್ನು ನಾನು ಚನ್ನೇಶನ ಕೈಗೆ ಕೊಟ್ಟೆ, ಮೇಷ್ಟ್ರೇ. ಅವನು ಕದಿಯಲಿಲ್ಲ, ನಾನೇ ಕೊಟ್ಟೆ. "ಎರಡು ದಿನ ಕಣೇ ಜಯಾ, ಮೇಷ್ಟ್ರ ಅಕ್ಷರ ನೋಡ್ಬೇಕು ಅನ್ನಿಸ್ತೈತೆ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಮೂರನೆಯ ದಿನ ಒಂದು ಡಬ್ಬಿ ಮೈಸೂರು ಪಾಕಿನ ಜೊತೆ ತಂದುಕೊಟ್ಟ. ನಾನು ಆ ಮೈಸೂರು ಪಾಕನ್ನು ತಿಂದೆ.

ಬಸ್ಸಿನಲ್ಲಿ ಓದಿದಾಗ ಸಿದ್ದಮ್ಮ ಸಿಕ್ಕಳು, ಬಸ್ತಿಹಳ್ಳಿಯ ಪದ್ಮರಾಜ ಸಿಕ್ಕ, ಕೊಳಕ್ಕೆ ಪೆನ್ನು ಬೀಳಿಸಿದ ನಾನೂ ಸಿಕ್ಕೆ. ಎಲ್ಲರ ಹೆಸರೂ ಇದ್ದಂತೆಯೇ ಇತ್ತು. ಮೊದಲ ಪುಟದಲ್ಲಿ ಅವನ ತಂದೆತಾಯಿಗೆ ಅರ್ಪಣೆ, ಅಚ್ಚುಕೂಟಕ್ಕೆ ವಂದನೆ, 'ಪ್ರೋತ್ಸಾಹಕ್ಕಾಗಿ' ನನಗೂ ವಂದನೆ. ನಿಮ್ಮ ಹೆಸರು ಎಲ್ಲೂ ಇಲ್ಲ. ಕಣ್ತಪ್ಪಿನಿಂದ ಬಿಟ್ಟಿರಬಹುದೆ ಎಂದು ಜಾವಗಲ್‌ವರೆಗೂ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಆ ಇನ್ನೊಂದು ವಾಕ್ಯ ಸಿಕ್ಕಿತು. 'ಸುರೇಶ್ ಕಾಪೀಡ್ ಫ್ರಮ್ ಜಯಾ.' ಇಡೀ ಪುಸ್ತಕದಲ್ಲಿ ಬದಲಾಗಿದ್ದು ಆ ಒಂದೇ ಹೆಸರು. ಅಂದು ನನ್ನ ಹೆಸರನ್ನೂ ಬಿಡದೆ ನಕಲು ಮಾಡಿದವನು, ಇಂದು ತನ್ನ ಹೆಸರೊಂದನ್ನು ಮಾತ್ರ ಬಿಟ್ಟು ಮಿಕ್ಕಿದ್ದೆಲ್ಲವನ್ನೂ ನಕಲು ಮಾಡಿದ್ದಾನೆ. ಇದನ್ನು ಕಣ್ತಪ್ಪು ಎನ್ನಲೇ?

ಮನೆಗೆ ಬಂದವಳೇ ಫೋನು ಮಾಡಿದೆ. "ವ್ಯಾಕರಣ ಯಾರಪ್ಪನ್ ಆಸ್ತಿ ಹೇಳೇ? ಮೇಷ್ಟ್ರು ಇದ್ದಿದ್ರೆ ಖುಷಿ ಪಡೋರು. ಮಕ್ಕಳಿಗೆ ಉಪಯೋಗ ಆಯ್ತೈತೆ ತಾನೆ?" ಎಂದ. ನಾನು ಬೈಯಲಿಲ್ಲ. ಒಂದೇ ಒಂದು ಕೇಳಿದೆ: "ಮೇಷ್ಟ್ರು ಅರಿಶಿನ ಹಚ್ತಿದ್ದುದು ನೆನಪೈತಾ ಚನ್ನೇಶ?" "ಅರಿಶಿನಾನಾ? ಯಾರ ಮದುವೇಲಿ?" ಎಂದ. ಫೋನು ಇಟ್ಟುಬಿಟ್ಟೆ. ಹೆಸರು ಬಿಟ್ಟಿದ್ದನ್ನು ಒಂದು ದಿನ ಕ್ಷಮಿಸಬಹುದಿತ್ತೋ ಏನೋ. ಇದನ್ನು ಮಾತ್ರ...

ಮಾರನೆಯ ದಿನ ಪಕ್ಕದ ಮನೆಯ ಇಂಚರ, ಚನ್ನೇಶನ ಟ್ಯೂಷನ್ನಿಗೆ ಹೋಗುವ ಹತ್ತನೇ ತರಗತಿಯ ಹುಡುಗಿ, ಜಗಲಿಯ ಮೇಲೆ ಅದೇ ಪುಸ್ತಕ ಹಿಡಿದು ಬಾಯಿಪಾಠ ಮಾಡುತ್ತಿದ್ದಳು. 'ದೋ ಇಟ್ ರೇನ್ಡ್, ಬಟ್ ವಿ ವೆಂಟ್.' ತಪ್ಪು ಎಂದೆ. "ಬುಕ್ಕಲ್ಲಿ ಪ್ರಿಂಟ್ ಆಗಿದೆಯಲ್ಲ ಆಂಟಿ, ಸಾರ್ ಇದನ್ನೇ ಕಲಿತ್ಕೊಂಡು ಬನ್ನಿ ಅಂದಿದ್ದಾರೆ" ಎಂದಳು. ನೋಟ್‌ಬುಕ್ಕನ್ನು ಎತ್ತಿಕೊಂಡು ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿ ಒಂದು ಪುಟ ತೆಗೆಸಿದೆ. ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರ ಮಾತ್ರ ಬಂತು. "ಹಳದಿ ಬರಲ್ಲ ಆಂಟಿ, ಕಲರ್ ಮಾಡ್ಲಾ?" ಎಂದಳು ಅಂಗಡಿಯವಳು. ಆಗ ಅರ್ಥವಾಯಿತು. ತನ್ನ ಹೆಸರನ್ನು ಹುಡುಕಿ ಬದಲಾಯಿಸಿದ್ದು ಬಿಟ್ಟರೆ ಚನ್ನೇಶ ನೋಟ್‌ಬುಕ್ಕನ್ನು ಓದಲೇ ಇಲ್ಲ. ಜೆರಾಕ್ಸ್ ಮಾಡಿಸಿ ನೇರ ಅಚ್ಚಿಗೆ ಕೊಟ್ಟಿದ್ದಾನೆ. ನೀವು ಅರಿಶಿನ ಹಚ್ಚಿದ ಹದಿನಾಲ್ಕು ತಪ್ಪುಗಳೂ ಈಗ ಮಾದರಿ ವಾಕ್ಯಗಳು. ಅವನ ಟ್ಯೂಷನ್ನಿನ ಮಕ್ಕಳೆಲ್ಲ ನಮ್ಮ ಗಾಯಗಳನ್ನು ಬಾಯಿಪಾಠ ಮಾಡುತ್ತಿದ್ದಾರೆ, ಮೇಷ್ಟ್ರೇ.

ಒಮ್ಮೆ ನಾನು ನಿಮ್ಮನ್ನು ಕೇಳಿದ್ದೆ, ನೋಟ್‌ಬುಕ್ಕಿನ ಮೇಲೆ ಯಾಕೆ ಹೆಸರು ಬರೆದಿಲ್ಲವೆಂದು. "ಒಳಗೆಲ್ಲ ನಿಮ್ಮ ಹೆಸರೇ ಐತಲ್ಲ, ನಂದ್ಯಾಕೆ?" ಎಂದು ನಕ್ಕಿರಿ. ಆ ನಗುವಿನ ಮೇಲೆ ಈ ವಾರವೆಲ್ಲ ನನಗೆ ಸಿಟ್ಟು ಬಂದಿದೆ. ಅವನಿಗೆ ಅಂದು ಒಂದು ಏಟಾದರೂ ಕೊಡಬಾರದಿತ್ತೇ? ಮುಖಪುಟದ ಮೂಲೆಯಲ್ಲಿ ನಿಮ್ಮ ಹೆಸರಿನ ಮೊದಲ ಅಕ್ಷರವನ್ನಾದರೂ... ಇರಲಿ ಬಿಡಿ. ಸಿಟ್ಟು ಮಾಡಿಕೊಳ್ಳುವುದಕ್ಕೂ ಈಗ ನೀವಿಲ್ಲ.

ಒಂದು ಸಮಾಚಾರ ನಿಮಗೆ ತಿಳಿಯಬೇಕು. ನಿನ್ನೆ ಇಂಚರಳಿಗೆ ದೇವರು, ಬಸವ, ಹೊಸಿಲು ಎಲ್ಲವನ್ನೂ ನೀವು ಹೇಳಿದ ಹಾಗೆಯೇ ಹೇಳಿಕೊಟ್ಟೆ. ಅರಿಶಿನದ ಕೊಂಬು, ಒಂದು ಬಟ್ಟಲು ನೀರು ಕೊಟ್ಟು, ಚನ್ನೇಶನ ಪುಸ್ತಕವನ್ನು ಮುಂದಿಟ್ಟೆ. ನೋಟ್‌ಬುಕ್ಕನ್ನು ತೋರಿಸಲಿಲ್ಲ. "ಆಂಟಿ, ಇಲ್ಲಿ ಹಜಾರಾನೇ ಇಲ್ಲ!" ಎಂದು ಕೂಗುತ್ತಾ, ಒಂದೊಂದಾಗಿ ಹಳದಿ ಗೆರೆ ಎಳೆದಳು. ಹದಿನಾಲ್ಕರಲ್ಲಿ ಹದಿಮೂರು ಹಿಡಿದಳು. ನಿಮ್ಮ ಪಾಠ ಬದುಕಿದೆ, ಮೇಷ್ಟ್ರೇ.

ಬರುವ ಭಾನುವಾರ ಅರಸೀಕೆರೆಯಲ್ಲೂ ಆ ಪುಸ್ತಕದ ಸಮಾರಂಭವಿದೆ. ನನಗೂ ಆಹ್ವಾನ ಬಂದಿದೆ, ಮತ್ತೆ ಮುಂದಿನ ಸಾಲೇ. ಅವರು ಹೊದಿಸಿದ ಶಾಲಿನಲ್ಲೇ ನಿಮ್ಮ ನೋಟ್‌ಬುಕ್ಕನ್ನು ಸುತ್ತಿಕೊಂಡು ಹೋಗುತ್ತೇನೆ. ನೀವು ಹಾಜರಿ ಕೂಗಿದ ಮೇಲೆ ನಾವು ಏಳುತ್ತಿದ್ದಂತೆ ಎದ್ದು ನಿಲ್ಲುತ್ತೇನೆ. ಈ ಪುಸ್ತಕ ನೀನೇ ಬರೆದಿದ್ದರೆ ಅದರೊಳಗಿನ ಹದಿನಾಲ್ಕು ತಪ್ಪುಗಳ ಮೇಲೆ ಬೆರಳಿಡು ಚನ್ನೇಶ, ಎನ್ನುತ್ತೇನೆ. ಆಗದಿದ್ದರೆ ಇದನ್ನು ಬರೆದವರ ಹೆಸರನ್ನು ಈ ಮಕ್ಕಳ ಮುಂದೆ, ಇದೇ ಮೈಕಿನಲ್ಲಿ ಹೇಳು. ಅದೂ ಆಗದಿದ್ದರೆ ಇದೊಂದಕ್ಕಾದರೂ ಎಲ್ಲರಿಗೂ ಕೇಳುವಂತೆ ಉತ್ತರ ಕೊಡು: ನಮ್ಮ ತರಗತಿಯಲ್ಲಿ ಸುರೇಶ ಎನ್ನುವವನು ಯಾರು?

ನಿಮ್ಮ ವಿದ್ಯಾರ್ಥಿನಿ,
ಹುಲಿಕೆರೆಯ ಜಯಾ