ಅಟ್ಟದಿಂದ ಇಳಿದ ಹಾಸಿಗೆ

ಮಾವ,

ನಿನ್ನನ್ನು ಎಬ್ಬಿಸಲಿಲ್ಲ. ಎಷ್ಟೋ ತಿಂಗಳ ಮೇಲೆ ನನ್ನ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದೆ, ಹೊಡೆದುಕೊಳ್ಳಲಿ ಎಂದು ಬಿಟ್ಟೆ. ಅವ್ವನನ್ನು ಕರೆತರಲು ಶೆಟ್ಟಿಕೆರೆಗೆ ಹೊರಟಿದ್ದೇನೆ. ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಬರುತ್ತೇವೆ.

ಗಂಜಿ ಒಲೆಯ ಮೇಲಿದೆ, ಬಿಸಿ ಮಾಡಿಕೊಂಡೇ ಕುಡಿ. ಮಾತ್ರೆ ಮರೆತೆಯೋ, ನೋಡು ಮತ್ತೆ!

ಕೊಬ್ಬರಿ ಅಟ್ಟದಿಂದ ನಾನು ಇಳಿಸಿದ ನಿನ್ನ ಹಾಸಿಗೆಯನ್ನು ತಿರುಗಿ ಹತ್ತಿಸಬೇಡ. ರಾತ್ರಿ ಅರ್ಧಕ್ಕೇ ಸುಸ್ತಾಯಿತೆಂದು ಮುಖ ಸಣ್ಣ ಮಾಡಿಕೊಂಡು ಕೂರಲೂ ಬೇಡ. ಅದು ಔಷಧಿಯ ಬಳಲಿಕೆ, ನಿಧಾನಕ್ಕೆ ಸರಿಹೋಗುತ್ತದೆ ಎಂದು ವೆಲ್ಲೂರಿನ ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದ್ದಾರೆ. ನನಗೇನೂ ಆತುರವಿಲ್ಲ. ನೀನು ಕೆಳಗಿಳಿದು ಬಂದೆಯಲ್ಲ, ಗೆದ್ದೆ ನಾನು!

'ಅಕ್ಕನ ಮಜ್ಜೆ ನನ್ನ ಮೂಳೆ ಸೇರ್ತು, ಈಗ ನನ್ನ ಮೈಲಿ ಹರಿಯೋದು ಅಕ್ಕನ ರಕ್ತ. ಇನ್ಮೇಲೆ ನೀನು ನಂಗೆ ಮಗಳಿದ್ದಂಗೆ ಕಣೇ' ಅಂತ ಅಟ್ಟ ಹತ್ತಿದ್ದೆಯಲ್ಲ, ಅದನ್ನು ಆ ನಿನ್ನ ಅಕ್ಕನಿಗೇ, ನನ್ನ ಹೆತ್ತವ್ವನಿಗೇ ಹೋದ ವಾರ ಊರಿಗೆ ಹೋದಾಗ ಹೇಳಿಬಿಟ್ಟೆ. ಹೊಟ್ಟೆ ಹಿಡಿದುಕೊಂಡು ನಕ್ಕಳು.

'ಅವ್ನು ಅಟ್ಟದ ಮ್ಯಾಲೆ ಒಣಗಿ ಕೊಬ್ಬರಿಯಾಗ್ಲಿ ಅಂತ ನಾನು ಮಜ್ಜೆ ಕೊಟ್ನೇನೇ? ನನ್ನ ಮಗಳ ಜೊತೇಲಿ ಬಾಳ್ಲಿ ಅಂತ ಕೊಟ್ಟೆ!'

ನಿನ್ನ ಹೆಂಡತಿ,
ಚಿಕ್ಕಗೌರಿ