ಔಟ್‌ಟರ್ನ್ ನೋಡದೆ ಕೊಂಡ ಎರಡು ವರ್ಷ

ಖಾಸಗಿ ಕಾಲೇಜುಗಳಿಗೆ ಎಂಸಿಎ ನಡೆಸಲು ಅನುಮತಿ ಕೊಡುವ ಮಾನ್ಯ ಅಧಿಕಾರಿಗಳೇ,

ನೀವು ಅನುಮತಿ ಕೊಟ್ಟ ಒಂದು ಕಾಲೇಜಿಗೆ ನನ್ನ ಮಗಳು ಸುಮನಾಳನ್ನು ಎರಡು ವರ್ಷದ ಕಂಪ್ಯೂಟರ್ ಪದವಿಗೆ ಸೇರಿಸಿದೆ. ನಾಲ್ಕು ಲಕ್ಷ ಶಿಕ್ಷಣ ಸಾಲ, ಅವಳ ಹೆಸರಿನಲ್ಲಿ. ಜೊತೆಗೆ ನನ್ನ ಸಹಿ. ಈಗ ಅವಳು ಹಾಸನದ ಒಂದು ಆಸ್ಪತ್ರೆಯ ಬಿಲ್ ಕೌಂಟರಿನಲ್ಲಿ ಹದಿಮೂರು ಸಾವಿರಕ್ಕೆ ಕೂತಿದ್ದಾಳೆ. ಬ್ಯಾಂಕಿನ ಕಂತು ಎಂಟು ಸಾವಿರದ ನಾನ್ನೂರು. ಉಳಿದದ್ದರಲ್ಲಿ ಪಿಜಿ ಬಾಡಿಗೆ ಕಟ್ಟಿ ಊಟವನ್ನೂ ಮಾಡುವುದು ಹೇಗೆಂಬ ವಿದ್ಯೆಯನ್ನು ನಿಮ್ಮ ಪಠ್ಯಕ್ರಮದಲ್ಲಿ ಎಲ್ಲೂ ಇಟ್ಟಿಲ್ಲವಂತೆ. ಪಕ್ಕದ ಕುರ್ಚಿಯ ಹುಡುಗಿ ಪಿಯುಸಿ ಮುಗಿಸಿ ಬಂದವಳು. ಅವಳ ಸಂಬಳವೂ ಅಷ್ಟೇ.

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಮಗಳ ಬಗ್ಗೆ ಅಲ್ಲ, ನನ್ನ ಬಗ್ಗೆ. ನಾನು ಬೆಳಗೋಡಿನ ಕಾಫಿ ವ್ಯಾಪಾರಿ. ಬರೀ ಚೀಲದ ತೂಕ ನೋಡಿ ದುಡ್ಡು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಚೀಲದ ಬಾಯಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ತೆಗೆದು, ಸಿಪ್ಪೆ ಬಿಡಿಸಿ, ಹೊಟ್ಟು ಊದಿ, ಉಳಿದ ಬೀಜವನ್ನಷ್ಟೇ ತೂಗುತ್ತೇವೆ. ಅದೇ ಔಟ್‌ಟರ್ನ್. ಐವತ್ತು ಕೆಜಿ ಚೀಲದಲ್ಲಿ ಬೀಜ ಇಪ್ಪತ್ತೈದೋ ಇಪ್ಪತ್ತೇಳೋ ಎಂಬುದರ ಮೇಲೆ ಬೆಲೆ. ಸ್ವಂತ ಭಾವನ ಚೀಲವನ್ನೂ ಔಟ್‌ಟರ್ನ್ ನೋಡದೆ ಇಳಿಸಿಕೊಂಡವನಲ್ಲ ನಾನು. ಆ ಸಿಟ್ಟಿಗೆ ಅವರು ಒಂದು ಯುಗಾದಿಗೆ ನಮ್ಮ ಮನೆಗೆ ಬರಲಿಲ್ಲ. ಅಂಥವನು ‘ಗರಿಷ್ಠ ಪ್ಯಾಕೇಜ್ ಹನ್ನೆರಡು ಲಕ್ಷ’ ಎಂಬ ಬಣ್ಣದ ಫ್ಲೆಕ್ಸ್ ನೋಡಿ, ಕಾಲೇಜಿನ ಎಸಿ ಗಾಳಿಗೆ ಕೂತು, ಕೊಟ್ಟ ಬಾದಾಮಿ ಹಾಲು ಕುಡಿದು, ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಬಂದೆ. ಆ ಹನ್ನೆರಡು ಲಕ್ಷ ಎಷ್ಟು ಜನರಿಗೆ ಸಿಕ್ಕಿತು? ಉಳಿದವರಿಗೆ ಎಷ್ಟು? ನಾನು ಕೇಳಲಿಲ್ಲ. ಸಿಕ್ಕಿದ್ದು ಒಬ್ಬನಿಗೆ ಎಂದು ಆಮೇಲೆ ಗೊತ್ತಾಯಿತು.

ಚೀಲದ ಬಾಯಲ್ಲಿ ಮಾತ್ರ ಒಳ್ಳೆಯ ಕಾಫಿ ಸುರಿದು ತಂದವರನ್ನು ನಾವು ಸ್ಟೋರಿನ ಬಾಗಿಲಿಂದಲೇ ವಾಪಸ್ ಕಳಿಸುತ್ತೇವೆ. ನೀವು ಅಂಥವರಿಗೆ ವರ್ಷವರ್ಷವೂ ಅನುಮತಿ ನವೀಕರಿಸುತ್ತೀರಿ. ನಿಮ್ಮವರು ತಪಾಸಣೆಗೆ ಬಂದು ಕಂಪ್ಯೂಟರ್ ಎಷ್ಟು, ಕುರ್ಚಿ ಎಷ್ಟು, ಶೌಚಾಲಯ ಎಷ್ಟು ಎಂದು ಎಣಿಸುತ್ತಾರಂತೆ. ಓದಿ ಹೊರಬಿದ್ದವರನ್ನು ಎಣಿಸಲು ಪುರುಸೊತ್ತಾಗಲಿಲ್ಲವೇ?

ಇಷ್ಟಕ್ಕೇ ಮುಗಿದಿದ್ದರೆ ನಷ್ಟ ನಮ್ಮದೆಂದು ಸುಮ್ಮನಿರುತ್ತಿದ್ದೆ. ಊರಿನವರು ಮಗಳ ಕೆಲಸದ ಬಗ್ಗೆ ಕೇಳಿದಾಗ ‘ಒಳ್ಳೆ ಕಂಪನಿ, ನಲವತ್ತು ಸಾವಿರ’ ಎಂದುಬಿಟ್ಟೆ. ಆ ಸುದ್ದಿ ಮಗ್ಗೆಯವರೆಗೂ ಹೋಯಿತು. ಅಲ್ಲಿನ ಗಂಗಾಮಣಿ ಮೂರು ಎಕರೆ ಕಾಫಿಯಲ್ಲಿ ಮಗಳು ಚೈತ್ರಶ್ರೀಯನ್ನು ಡಿಗ್ರಿವರೆಗೆ ಓದಿಸಿದವರು. ಬೆಳೆಯನ್ನು ನನಗೇ ಕೊಡುವವರು. ಕಳೆದ ವಾರ ಪೇಡದ ಡಬ್ಬಿ ಹಿಡಿದು ಬಂದರು.

“ಅಣ್ಣಾ, ನಮ್ ಚೈತ್ರನ್ನೂ ಸುಮನಾ ಓದಿದ್ ಕಾಲೇಜಿಗೇ ಹಾಕ್ತಾ ಇದೀನಿ. ಸೋಮವಾರ ಬ್ಯಾಂಕಲ್ಲಿ ಸೈನು. ನೀವೇ ಸೇರ್ಸಿದೀರಿ ಅಂದ್ಮೇಲೆ ನೋಡೋದೇನೈತೆ?”

ನಾನು ಪೇಡ ಬಾಯಿಗೆ ಹಾಕಿಕೊಂಡೆ, ನಿಜ ಹೇಳಲಿಲ್ಲ. ಶನಿವಾರ ಮನೆಗೆ ಬಂದ ಸುಮನಾ ವಿಷಯ ಕೇಳಿ ಊಟದ ತಟ್ಟೆ ಬಿಟ್ಟು ಎದ್ದಳು.

“ಸಂಬಳ ಕಮ್ಮಿ ಐತೆ ಅಂತ ನಂಗೇನೂ ನಾಚ್ಕೆ ಇಲ್ಲಪ್ಪ. ನೀನು ಅದನ್ನ ಮುಚ್ಚಿಟ್ಟೆಯಲ್ಲ, ಅದು ನಾಚ್ಕೆ. ಚೈತ್ರನ ತಲೆಗೂ ಸಾಲ ಹೊರ್ಸಿಬುಟ್ರೆ ಅವ್ಳ ಮುಖ ಹೆಂಗ್ ನೋಡ್ಲಿ ನಾನು?”

ಭಾನುವಾರ ಮಗ್ಗೆಗೆ ಹೋಗಿ, ಅಂಗಳದಲ್ಲಿ ನಿಂತೇ ಎಲ್ಲವನ್ನೂ ಹೇಳಿದೆ. ಗಂಗಾಮಣಿ ಬೈಯಲಿಲ್ಲ. “ನನ್ ಚೀಲದಲ್ಲಿ ಅರ್ಧ ಕೆಜಿ ಬೀಜ ಕಮ್ಮಿ ಬಂದ್ರೆ ಮುಖಕ್ಕೇ ಹೇಳ್ತಿದ್ರಲ್ಲ ಅಣ್ಣಾ, ಇದನ್ಯಾಕೆ ಹೇಳ್ಲಿಲ್ಲ?” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಚೈತ್ರಶ್ರೀ ಅಲ್ಲೇ ಕಾಲೇಜಿಗೆ ಫೋನ್ ಮಾಡಿದಳು. ಪ್ರವೇಶ ವಿಭಾಗದವರು ಭಾನುವಾರವೂ ಫೋನ್ ಎತ್ತುತ್ತಾರೆ, ಅಷ್ಟು ಶಿಸ್ತು. ಹೋದ ವರ್ಷ ಮುಗಿಸಿದವರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಸಾಮಾನ್ಯರಿಗೆ ಸಂಬಳ ಎಷ್ಟು ಎಂದು ಕೇಳಿದಳು. “ಗರಿಷ್ಠ ಹನ್ನೆರಡು ಲಕ್ಷ ಮೇಡಂ” ಎಂದರು. ಮತ್ತೆ ಕೇಳಿದಳು, ಮತ್ತೆ ಅದನ್ನೇ ಹೇಳಿದರು. ಬ್ಯಾಂಕಿನ ಸಹಿಯನ್ನು ತಾಯಿ ಮಗಳು ಸದ್ಯಕ್ಕೆ ಮುಂದೂಡಿದ್ದಾರೆ. ಸೀಟು ಮಾತ್ರ ಶುಕ್ರವಾರದವರೆಗೆ.

“ಓದ್ಬಾರ್ದು ಅಂತಲ್ಲ ಮಾವ, ಓದ್ಬೇಕು ಅಂತ ಆಸೆನೇ ಐತೆ. ಎಷ್ಟು ಸಾಲ ತಡ್ಕೋಬೋದು ಅಂತ ಗೊತ್ತಾಗ್ಬೇಕಲ್ವಾ?” ಎಂದಳು. ಇಪ್ಪತ್ತೊಂದರ ಹುಡುಗಿಗೆ ಹೊಳೆದದ್ದು ನನಗೂ ಹೊಳೆಯಲಿಲ್ಲ, ನಿಮಗೂ ಹೊಳೆಯಲಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಶುಲ್ಕದ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಸೇರಿದವರೆಷ್ಟು, ಕೆಲಸ ಸಿಕ್ಕವರೆಷ್ಟು, ಅವರಲ್ಲಿ ನಡುಮಟ್ಟದವರ ಸಂಬಳ ಎಷ್ಟು ಎಂದು ಬರೆಯದ ಕಾಲೇಜಿಗೆ ಅನುಮತಿ ಕೊಡಬೇಡಿ. ಚೈತ್ರಶ್ರೀಗೆ ಶುಕ್ರವಾರದೊಳಗೆ ಉತ್ತರ ಬೇಕು. ನಿಮ್ಮ ಕಚೇರಿಯಲ್ಲಿ ಅಂಕಿಗಳೇ ಇಲ್ಲವಾದರೆ ನಮ್ಮ ಮನೆಯಿಂದ ಶುರುಮಾಡಿ: ಸುಮನಾ, ಹದಿಮೂರು ಸಾವಿರ. ಹೆಸರು ಹಾಕಿಯೇ ಬರೆ ಎಂದು ಅವಳೇ ಹೇಳಿದ್ದಾಳೆ.

ಇಂತಿ,
ನಲವತ್ತು ಸಾವಿರ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ
ದಯಾನಂದ, ಕಾಫಿ ವ್ಯಾಪಾರಿ, ಬೆಳಗೋಡು